ಅಜ್ಜನ 315 ರೈಫಲ್: ಕತ್ತರಿಸಿದ ಮರ ಮತ್ತೆ ಹಾಕಿಸಲೋ, ಹಾಗೇ ಬಿಡಲೋ?

ಕೋಥ್ರೂಡ್ ಹುಡುಗ (ಪುಣೆ)

ನಮಸ್ಕಾರ. ಹೆಸರಿಗೆ ಹುಡುಗ, ವಯಸ್ಸು 47. ನಮ್ಮ ಮೂಲ ಹಳಿಯಾಳದ ಹತ್ತಿರದ ಹಳ್ಳಿ. ಕೆಲಸಕ್ಕೆಂದು ಪುಣೆಗೆ ಬಂದ ಅಪ್ಪ ಇಲ್ಲೇ ಉಳಿದರು. ಅಜ್ಜನ ಹತ್ತಿರ ಒಂದು 315 ಬೋರ್ (ನಳಿಗೆಯ ಒಳ ಅಳತೆ) ರೈಫಲ್ ಇತ್ತು. ಅದು ಅಜ್ಜನ ನಂತರ ಅಪ್ಪನ ಹೆಸರಿಗೆ, ಅಪ್ಪ ಹೋದ ಮೇಲೆ ನನ್ನ ಹೆಸರಿಗೆ ಬಂತು. ಲೈಸೆನ್ಸ್ ಪಕ್ಕಾ ಇದೆ, ಯುಐಎನ್ (ಲೈಸೆನ್ಸ್‌ದಾರನ ಗುರುತಿನ ಸಂಖ್ಯೆ) ಕೂಡ ಇದೆ. ಕಾಗದ ಆಗುವವರೆಗೆ 14 ತಿಂಗಳು ರೈಫಲ್ ಒಬ್ಬ ಡೀಲರ್ ಗೋದಾಮಿನಲ್ಲಿತ್ತು. ಮನೆಗೆ ತಂದು ಬಿಚ್ಚಿ ನೋಡಿದರೆ ಹೊಟ್ಟೆ ಉರಿಯಿತು. ಮರ ಎಣ್ಣೆ ಕುಡಿದು ಕಪ್ಪಾಗಿದೆ. ಬ್ಯಾರೆಲ್ ಮೇಲೆ ಕಂದು ಚುಕ್ಕೆಗಳು. ಗುಂಡು ತುಂಬುವ ಬೋಲ್ಟ್ ಎಳೆದರೆ ಹಳೇ ಕದದ ಚಿಲಕದಂತೆ ಕಿರ್ ಅನ್ನುತ್ತದೆ.

ಬೋಲ್ಟ್ ಹಿಡಿಯ ಹತ್ತಿರ, ಬಲಗಡೆ, ಕಿರೀಟದ ಗುರುತು ಇದೆ. ಅದರ ಕೆಳಗೆ ಬಿಎಸ್‌ಎ, 1917, ಅದರ ಕೆಳಗೆ ಮೂರು ಗೀಟು ಮತ್ತು ಒಂದು ನಕ್ಷತ್ರ. ಬ್ಯಾರೆಲ್ ಮೇಲೆ 315 ಅಂತ ಬೇರೆ ಅಚ್ಚು. ಮುಂದಿನ ಮರವನ್ನು ಯಾರೋ ಅರ್ಧಕ್ಕೆ ಕತ್ತರಿಸಿ, ತುದಿಯನ್ನು ಅರ ಹಾಕಿ ದುಂಡು ಮಾಡಿದ್ದಾರೆ. ಮೇಲಿನ ಮರ ಇಲ್ಲವೇ ಇಲ್ಲ.

ಬೇಟೆಗಾಗಿ ಅಲ್ಲ. ಬೇಟೆ 1972ಕ್ಕೇ ಮುಗಿಯಿತು. ಆದರೆ ಅಜ್ಜನ ಕೈಯ ವಸ್ತು, ಸರಿ ಮಾಡಿಸಬೇಕು. ಸೇನೆಯ ರೈಫಲ್ ಇದ್ದ ಹಾಗೆ ಉದ್ದ ಮರ ಹಾಕಿಸಲೇ? ಈಗಿನ ಕಾಲಕ್ಕೆ ತಕ್ಕಂತೆ ಸ್ಕೋಪ್ ಕೂರಿಸಲೇ? ಕಣ್ಣು ಮೊದಲಿನಂತಿಲ್ಲ.

ಇನ್ನೊಂದು. ನಿನ್ನೆ ಹಿಂದಿನ ಮರ ಬಿಚ್ಚಲು ಹೋಗಿ, ಬಟ್ ಪ್ಲೇಟಿನ (ಹೆಗಲಿಗೆ ಒತ್ತುವ ತುದಿಯ ತಗಡು) ಬಾಗಿಲೊಳಗೆ ಉದ್ದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದೆ. ಒಳಗೆಲ್ಲೋ ಟಕ್ ಅಂತು. ಅಲ್ಲಿಗೇ ನಿಲ್ಲಿಸಿದ್ದೇನೆ.

ಹಳೇ ಕಬ್ಬಿಣ (ಖಡ್ಕಿ, ಪುಣೆ)

ಆ ಟಕ್ ಓದಿ ನನ್ನ ಎದೆ ಧಸಕ್ ಅಂತು.

ಸ್ಕ್ರೂಡ್ರೈವರ್ ಕೆಳಗಿಡಿ. ಸೇನೆಯ ವರ್ಕ್‌ಶಾಪಿನಲ್ಲಿ 22 ವರ್ಷ ಇಂಥವನ್ನೇ ಬಿಚ್ಚಿ ಕಟ್ಟಿದವನು ನಾನು. ಹೊಸಬರಿಗೆ ಮೊದಲ ದಿನ ಹೇಳುತ್ತಿದ್ದ ಮೊದಲ ಮಾತು ಇದೇ: ಮುಂದಿನ ಮರ ತೆಗೆಯದೆ ಹಿಂದಿನ ಮರದ ಬೋಲ್ಟ್ ಮುಟ್ಟಬೇಡ. ಯಾಕೆ ಗೊತ್ತಾ? ಹಿಂದಿನ ಮರವನ್ನು ಹಿಡಿದಿಡುವ ಆ ಉದ್ದ ಬೋಲ್ಟಿನ ತುದಿ ಚೌಕ. ಆ ಚೌಕ, ಹಿಂದಿನ ಮರ ಕೂರುವ ಲೋಹದ ಸಾಕೆಟ್ ದಾಟಿ ಮುಂದೆ ಬಂದು, ಮುಂದಿನ ಮರದ ಹಿಂಬದಿಯಲ್ಲಿರುವ ಒಂದು ಸಣ್ಣ ತಗಡಿನ ತೂತಿನಲ್ಲಿ ಕೂತಿರುತ್ತದೆ. ಬೋಲ್ಟ್ ತಾನಾಗಿ ಸಡಿಲವಾಗಬಾರದು ಅಂತ ಮಾಡಿದ ಬೀಗ ಅದು. ಹಿಂದಿನಿಂದ ತಿರುಗಿಸಿದರೆ ಆ ಚೌಕ ಮರವನ್ನು ಒಳಗಿನಿಂದಲೇ ಸೀಳುತ್ತದೆ.

ಈಗ ಹೀಗೆ ಮಾಡಿ. ಮೊದಲು ಗುಂಡು ಇಲ್ಲ ಅಂತ ಎರಡು ಸಲ ನೋಡಿ. ಕಣ್ಣಲ್ಲೊಮ್ಮೆ, ಬೆರಳಲ್ಲೊಮ್ಮೆ. ಗುಂಡು ತುಂಬುವ ಬೋಲ್ಟ್ ಮತ್ತು ಮ್ಯಾಗಜೀನ್ (ಗುಂಡಿನ ಪೆಟ್ಟಿಗೆ) ಹೊರಗಿಡಿ. ಟ್ರಿಗರ್ ಗಾರ್ಡಿನ ಎರಡು ಸ್ಕ್ರೂ ತೆಗೆಯಿರಿ. ಮುಂದಿನ ಸ್ಕ್ರೂ ಜೊತೆ ಒಂದು ಸಣ್ಣ ಕೊಳವೆಯಂಥ ಕಾಲರ್ ಇರುತ್ತದೆ, ಅದು ಪುಟಕ್ ಅಂತ ಬೀಳುತ್ತದೆ, ಸೋಫಾ ಕೆಳಗೆ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಅದಿಲ್ಲದೆ ಬಿಗಿದರೆ ಮರ ಹಿಸುಕಿಹೋಗುತ್ತದೆ. ಕೆಳಗೆ ಬಿಳಿ ಪಂಚೆ ಹಾಸಿಕೊಂಡು ಕೂರಿ. ಮುಂದಿನ ಮರವನ್ನು ಕೆಳಮುಖವಾಗಿ, ಎರಡೂ ತುದಿ ಸಮವಾಗಿ ಇಳಿಸಿ. ಹಿಂಬದಿಯ ಫೋಟೋ ಹಾಕಿ. ಆಮೇಲೆ ಮಾತಾಡೋಣ.

ವಾಶಿಯವ (ನವಿ ಮುಂಬೈ)

ಗುರುತುಗಳನ್ನು ನಾನು ಓದುತ್ತೇನೆ. ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಕಾರ್ಖಾನೆ. ಮೂರು ಗೀಟು, ನಕ್ಷತ್ರ ಅಂದರೆ ಬ್ರಿಟಿಷ್ ಸೇನೆಯ ಲೀ ಎನ್‌ಫೀಲ್ಡ್ ರೈಫಲ್‌ನ ಮಾರ್ಕ್ 3 ಸ್ಟಾರ್ ಮಾದರಿ. ಮೂಲ ಮಾರ್ಕ್ 3 ಬಂದದ್ದು 1907ರಲ್ಲಿ. ಮೊದಲ ಮಹಾಯುದ್ಧದಲ್ಲಿ ಬೇಗ ಬೇಗ ತಯಾರಿಸಬೇಕಾಯಿತು, ಮ್ಯಾಗಜೀನ್ ಗುಂಡು ತಡೆಯುವ ತಗಡು (ಕಟ್‌ಆಫ್), ಬಹಳ ದೂರಕ್ಕೆ ಗುರಿ ಇಡುವ ವಾಲಿ ಸೈಟ್ ಎಲ್ಲ ಬಿಟ್ಟರು. ಆ ಸರಳ ಮಾಡಿದ ಮಾದರಿಗೇ ನಕ್ಷತ್ರ. ಆಗ ಇದು 303 ಬೋರ್, ಬ್ಯಾರೆಲ್ 25 ಇಂಚಿಗೆ ಸ್ವಲ್ಪ ಜಾಸ್ತಿ, ಹತ್ತು ಗುಂಡಿನ ಮ್ಯಾಗಜೀನ್. ಆಮೇಲೆ ಯಾರೋ ಬ್ಯಾರೆಲ್ ಬದಲಿಸಿ 315 ಮಾಡಿದ್ದಾರೆ.

ನಾನು ಕೆನಡಾದ ಒಂಟಾರಿಯೊದಲ್ಲಿ 11 ವರ್ಷ ಇದ್ದೆ. ಅಲ್ಲಿ ಇಂಥ ಕತ್ತರಿಸಿದ ಎನ್‌ಫೀಲ್ಡ್ ಹಳ್ಳಿಮನೆಗಳಲ್ಲಿ ಮಾಮೂಲು. ಎರಡನೇ ಯುದ್ಧ ಮುಗಿದ ಮೇಲೆ ಮಿಕ್ಕಿದ ರೈಫಲ್‌ಗಳು ಅಗ್ಗಕ್ಕೆ ಸಿಕ್ಕವು. ಕಾಡಲ್ಲಿ ಹೊತ್ತು ತಿರುಗಲು ಭಾರ ಅಂತ ಜನ ಮುಂದಿನ ಮರ ಕೊಯ್ದರು. ಇಂಗ್ಲೆಂಡಿನ ಪಾರ್ಕರ್ ಹೇಲ್ ಥರದ ಕಂಪನಿಗಳು ಆ ಕೆಲಸವನ್ನೇ ಅಂದವಾಗಿ ಮಾಡಿ ಮಾರಿದವು. ನನ್ನ ಹತ್ತಿರ ಒಂದಿತ್ತು, 303. ನವೆಂಬರ್ ಚಳಿಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ ಮರಕ್ಕೊರಗಿ ಐದು ಗಂಟೆ ಕೂರುವುದು. ಬಣ್ಣ ಕಡ್ಡಾಯ, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಜಿಂಕೆ ಅಂದುಕೊಳ್ಳಬಾರದಲ್ಲ. 180 ಗ್ರೇನ್ ತೂಕದ, ಮೆತ್ತನೆ ತುದಿಯ (ಸಾಫ್ಟ್ ಪಾಯಿಂಟ್) ಗುಂಡು. ಹೆಚ್ಚಿನ ಹೊಡೆತ 80 ಗಜದೊಳಗೆ. ಅಷ್ಟಕ್ಕೆ ಸ್ಕೋಪ್ ಬೇಕೇ ಬೇಕು ಅನ್ನಿಸಲೇ ಇಲ್ಲ. ಕೆನಡಾದ ಉತ್ತರದ ಕಾವಲು ಸೈನಿಕರಾದ ರೇಂಜರ್‌ಗಳು ಈಚಿನವರೆಗೂ ಇದರ ನಂತರದ ಮಾದರಿ ಎನ್‌ಫೀಲ್ಡ್ ನಂಬರ್ 4 ಹಿಡಿದೇ ಓಡಾಡಿದರು. ಹಿಮದಲ್ಲೂ ಕೈಕೊಡದ ಬೋಲ್ಟ್ ಅದು.

ಈಗ ಅಲ್ಲಿ ಗಾಳಿ ತಿರುಗಿದೆ. ಮರ ಕೊಯ್ಯದ ರೈಫಲ್‌ಗೆ ಬೆಲೆ ಜಾಸ್ತಿ. ಕೊಯ್ದವರ ಮೊಮ್ಮಕ್ಕಳು ಈಗ ಉದ್ದ ಮರ ಹುಡುಕುತ್ತಿದ್ದಾರೆ. ನನ್ನ ಓಟು ಉದ್ದ ಮರಕ್ಕೆ.

ಮಡಗಾಂವ್ ಮಾಣಿ (ಗೋವಾ)

ಒಂದು ದಡ್ಡ ಪ್ರಶ್ನೆ. 303 ಇದ್ದದ್ದನ್ನು ಯಾಕೆ 315 ಮಾಡಬೇಕು? ದೊಡ್ಡ ಗುಂಡು ಬೇಕು ಅಂತಾನಾ?

ಹಳೇ ಕಬ್ಬಿಣ

ದಡ್ಡ ಪ್ರಶ್ನೆ ಅಲ್ಲ. ಅದರಲ್ಲೇ ಇಡೀ ಕಥೆ ಇದೆ. ಸೇನೆ ಹೊಡೆಯುವ ಗುಂಡು ಊರಿನವರ ಕೈಗೆ ಸಿಗಬಾರದು ಅನ್ನುವುದು ಬ್ರಿಟಿಷರ ಲೆಕ್ಕ. ಹಾಗಾಗಿ ಅದೇ ರೈಫಲ್ ಮಾಡಿ, ಬೇರೆ ಗುಂಡು ಕೊಟ್ಟರು. ಆಸ್ಟ್ರಿಯಾದ 8 ಮಿಲಿಮೀಟರ್ ಮ್ಯಾನ್ಲಿಕರ್ ಗುಂಡೇ ನಮ್ಮಲ್ಲಿ 315 ಆಯಿತು. ಸ್ವಾತಂತ್ರ್ಯ ಬಂದರೂ ಆ ಲೆಕ್ಕ ಹೋಗಲಿಲ್ಲ. 303 ಇವತ್ತಿಗೂ ನಿಷೇಧಿತ ಬೋರ್, 315 ಅಲ್ಲ. ಬಂಗಾಳದ ಇಶಾಪುರ್ ರೈಫಲ್ ಕಾರ್ಖಾನೆ ಎನ್‌ಫೀಲ್ಡ್ ಅಚ್ಚಿನಲ್ಲೇ 315 ಮಾಡಿ ಜನರಿಗೆ ಮಾರಿತು. ಉತ್ತರದಲ್ಲಿ ಮದುವೆ ಮೆರವಣಿಗೆಯಲ್ಲಿ ಹೆಗಲ ಮೇಲೆ ಕಾಣುವುದು ಹೆಚ್ಚಾಗಿ ಅದೇ.

ಒಂದು ಎಚ್ಚರಿಕೆ. ಒಂದೇ ಥರ ಕಾಣುತ್ತದೆ ಅಂತ ಇದಕ್ಕೆ 303 ಗುಂಡು ತುರುಕಬೇಡಿ, 303 ರೈಫಲ್‌ಗೆ 315 ಗುಂಡು ಬೇಡ. ಗುಂಡು ಕೂರುವ ಕೊಠಡಿ ಬೇರೆ, ಬ್ಯಾರೆಲ್ ಬೇರೆ. ಮುಖದ ಮುಂದೆ ಒಡೆಯುವ ವಸ್ತು ಇದು.

ಕೋಥ್ರೂಡ್ ಹುಡುಗ

ಬಿಚ್ಚಿದೆ. ಕಾಲರ್ ನಿಜವಾಗಲೂ ಪಂಚೆ ಮೇಲೆ ಬಿತ್ತು. ಪಂಚೆ ಇಲ್ಲದಿದ್ದರೆ ಹೋಗಿತ್ತು.

ಫೋಟೋ ಹಾಕಿದ್ದೇನೆ. ಹಿಂಬದಿಯಲ್ಲಿ ಎಡಗಡೆ ಎರಡು ಇಂಚು ಬಿರುಕು. ಹೊಸದು, ಒಳಗಿನ ಮರ ಬೆಳ್ಳಗೆ ಕಾಣುತ್ತದೆ. ಅಜ್ಜ 30 ವರ್ಷ ಕಾಡುಮೇಡು ತಿರುಗಿದರೂ ಒಡೆಯದ್ದನ್ನು ನಾನು ಫ್ಲಾಟಿನ ಹಾಲ್‌ನಲ್ಲಿ ಕೂತು ಒಡೆದೆ.

ಬಟ್ ಬಾಗಿಲೊಳಗೆ ಒಂದು ಚರ್ಮದ ಬಿಲ್ಲೆ, ಮುರಿದ ದಾರ, ಹೆಬ್ಬೆರಳು ದಪ್ಪದ ಹಿತ್ತಾಳೆಯ ಸೀಸೆ ಸಿಕ್ಕಿದೆ. ಮುಚ್ಚಳ ತಿರುಗಿಸಿದರೆ ಅದಕ್ಕೇ ಅಂಟಿಕೊಂಡ ಒಂದು ಚಪ್ಪಟೆ ಕಡ್ಡಿ. ಒಳಗೆ ಇನ್ನೂ ಎರಡು ಹನಿ ಎಣ್ಣೆ ಇತ್ತು, ಜೇನಿನ ಹಾಗೆ ಗಟ್ಟಿ. ಏನಿದು?

ಹಳೇ ಕಬ್ಬಿಣ

ಎಣ್ಣೆ ಸೀಸೆ. ಪ್ರತಿ ಸಿಪಾಯಿಯ ಬಂದೂಕಿನ ಹೊಟ್ಟೆಯಲ್ಲೂ ಒಂದು ಇರುತ್ತಿತ್ತು. ಆ ಕಡ್ಡಿಯಿಂದ ಒಂದೊಂದೇ ಹನಿ ಬಿಡುವುದು. ದಾರ ಅಂದರೆ ಪುಲ್ ಥ್ರೂ. ಅದರ ತುದಿಗೆ ಬಟ್ಟೆ ತುಂಡು ಕಟ್ಟಿ ಬ್ಯಾರೆಲ್ ಎಳೆದು ಒರೆಸುತ್ತಿದ್ದರು. ಹಳೇ ಗುಂಡುಗಳ ಕ್ಯಾಪಿನಲ್ಲಿ ಇದ್ದ ಮದ್ದು ಉರಿದ ಮೇಲೆ ಒಂಥರಾ ಉಪ್ಪು ಉಳಿಯುತ್ತಿತ್ತು. ಆ ಉಪ್ಪು ಗಾಳಿಯ ನೀರು ಎಳೆದುಕೊಂಡು ಒಂದೇ ರಾತ್ರಿಯಲ್ಲಿ ಬ್ಯಾರೆಲ್ ತಿನ್ನುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೇ ಕರಗಬೇಕು. ಅದಕ್ಕೇ ಮೊದಲು ಕುದಿಯುವ ನೀರು ಹೊಯ್ದು, ಒರೆಸಿ, ಆಮೇಲೆ ಎಣ್ಣೆ. ನಿಮ್ಮ ಬ್ಯಾರೆಲ್ ಒಳಗೆ ಸುತ್ತಿಸುತ್ತಿ ಕೊರೆದ ಗೀರು ಇನ್ನೂ ಚೆನ್ನಾಗಿ ಕಂಡರೆ ಅಜ್ಜ ನೀರು ಕಾಯಿಸಿದ್ದಾರೆ ಅಂತ ಅರ್ಥ.

ಸೀಸೆ ಎಲ್ಲೂ ಕಳೆಯಬೇಡಿ.

ಕಾನೂನು ಕಾಕಾ (ದಾದರ್, ಮುಂಬೈ)

ಹಿತ್ತಾಳೆ ಸೀಸೆ ಚೆಂದ. ಈಗ ಸ್ವಲ್ಪ ಕಹಿ ಕಷಾಯ ಕುಡಿಯಿರಿ.

ಬೇಟೆ 1972ಕ್ಕೇ ಮುಗಿಯಿತು ಅಂದಿರಿ. ಪೂರ್ತಿ ಸರಿಯಲ್ಲ. ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ, ಆದರೆ ಕೆಲವು ಪ್ರಾಣಿಗಳಿಗೆ ಪರವಾನಗಿ ಬೇಟೆ ಇನ್ನೂ ಕಾಗದದಲ್ಲಿ ಉಳಿದಿತ್ತು. ಅದಕ್ಕೂ ಬಾಗಿಲು ಹಾಕಿದ್ದು 1991ರ ತಿದ್ದುಪಡಿ. ಈಗ ಉಳಿದಿರುವುದು ಹೆಚ್ಚಾಗಿ ಅರಣ್ಯ ಇಲಾಖೆ ಬರೆದು ಕೊಡುವ ಅನುಮತಿ, ಅದೂ ಜೀವಕ್ಕೋ ಬೆಳೆಗೋ ಅಪಾಯ ಅಂತ ಕಂಡಾಗ.

ರೈಫಲ್ ವಿಷಯ. ಮರ ಒರೆಸಿ, ಎಣ್ಣೆ ಹಚ್ಚಿ, ಯಾರೂ ಕೇಳುವುದಿಲ್ಲ. ಬ್ಯಾರೆಲ್, ಬೋಲ್ಟ್, ಟ್ರಿಗರ್ ಮುಟ್ಟುವ ರಿಪೇರಿ ಲೈಸೆನ್ಸ್ ಇರುವ ಡೀಲರ್ ಕೈಯಲ್ಲೇ ಆಗಬೇಕು, 1959ರ ಆರ್ಮ್ಸ್ ಕಾಯ್ದೆಯ 5ನೇ ಕಲಂ. ಬ್ಯಾರೆಲ್ ಮೊಟಕು ಮಾಡುವುದು 6ನೇ ಕಲಂ, ಜೈಲಿನ ದಾರಿ. ನಂಬರ್, ಅಚ್ಚು ಅಳಿಸುವುದು 8ನೇ ಕಲಂ. ಪಾಲಿಶ್ ಮಾಡುತ್ತೇನೆ ಅಂತ ಎಮರಿ ತಿಕ್ಕಿ ನಂಬರ್ ಮಾಸಿಬಿಟ್ಟರೆ, ನಾನು ಚೆಂದಕ್ಕೆ ಮಾಡಿದೆ ಸ್ವಾಮಿ ಅಂದರೆ ಕೇಳುವವರಿಲ್ಲ.

ಬಡಗಿಗೆ ಮರ ಮಾತ್ರ ಕೊಡಿ. ಅಳತೆ ನೋಡಬೇಕು ಅಂತ ಲೋಹದ ಭಾಗ ಅವನ ಅಂಗಡಿಯಲ್ಲಿ ಒಂದು ರಾತ್ರಿ ಬಿಟ್ಟರೂ ನೀವಿಬ್ಬರೂ ಸಿಕ್ಕಿಬಿದ್ದಿರಿ.

ಮನೆಯಲ್ಲಿ ಅಜ್ಜನ ಕಾಲದ ಗುಂಡು ಏನಾದರೂ ಇದೆಯಾ?

ಕೋಥ್ರೂಡ್ ಹುಡುಗ

ಇದೆ. ಅಜ್ಜಿಯ ಟ್ರಂಕಿನಲ್ಲಿ, ಕುಂಕುಮದ ಡಬ್ಬಿಯಲ್ಲಿ, ನಾಲ್ಕು. ಹಿಂಭಾಗದಲ್ಲಿ ಕೆಎಫ್ ಅಂತ ಇದೆ.

ಹಳೇ ಕಬ್ಬಿಣ

ಕೆಎಫ್ ಅಂದರೆ ಕಿರ್ಕೀ ಫ್ಯಾಕ್ಟರಿ. ನನ್ನ ಮನೆಯ ಕಿಟಕಿಯಿಂದ ಅದರ ಗೋಡೆ ಕಾಣುತ್ತದೆ! ಬ್ರಿಟಿಷರು 1869ರಲ್ಲಿ ಶುರು ಮಾಡಿದ್ದು. ಖಡ್ಕಿಯನ್ನು ಕಿರ್ಕೀ ಅಂತ ಬರೆದರು, ಆ ಅಕ್ಷರ ಗುಂಡಿನ ಬೆನ್ನ ಮೇಲೆ ಹಾಗೇ ಉಳಿಯಿತು. ಪುಣೆಯ ಗುಂಡು ಹಳಿಯಾಳಕ್ಕೆ ಹೋಗಿ ಮತ್ತೆ ಪುಣೆಗೆ ಬಂದಿದೆ ನೋಡಿ.

ಕಾನೂನು ಕಾಕಾ

ಕುಂಕುಮದ ಡಬ್ಬಿಯನ್ನು ಪೊಲೀಸರು ಲೈಸೆನ್ಸ್ ಅಂತ ಒಪ್ಪುವುದಿಲ್ಲ. ನಿಮ್ಮ ಪುಸ್ತಕದ ಲೆಕ್ಕದಲ್ಲಿ ಇಲ್ಲದ ಗುಂಡು ಅವು. ನಾಳೆಯೇ ಒಂದು ಅರ್ಜಿ ಬರೆದು ಠಾಣೆಗೆ ಒಪ್ಪಿಸಿ, ರಸೀದಿ ತಗೊಳ್ಳಿ. ಹೊಡೆದು ನೋಡುವ ಆಸೆ ಬೇಡ.

ಕೊಡಗಿನ ಕುಡಿ (ವಾನವಡಿ, ಪುಣೆ)

ನಾನು ತಡವಾಗಿ ಬಂದೆ. ನಮ್ಮಲ್ಲಿ ಕೋವಿ ಮನೆಯ ಸದಸ್ಯ ಇದ್ದ ಹಾಗೆ. ಕೈಲ್ ಪೊಳ್ದ್ ದಿನ ಕೋವಿಯನ್ನು ದೇವರ ಕೋಣೆಯಲ್ಲಿಟ್ಟು, ನಳಿಗೆಯ ತುದಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಆ ಕೆಂಪು ಹಳದಿ ಹೂವಿನ ಹೆಸರೇ ಕೋವಿ ಹೂ. ಗದ್ದೆ ನಾಟಿ ಮುಗಿದ ಮೇಲೆ, ಬೇಟೆಗೆ ಹೊರಡುವ ಮೊದಲು ಬರುವ ಹಬ್ಬ ಅದು. ಈಗ ಬೇಟೆ ಇಲ್ಲ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. ನಮಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ಅಂತ ಕೇಂದ್ರ ಬರೆದುಕೊಟ್ಟಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೂ ನನ್ನ ಕೋವಿ ಊರಲ್ಲೇ ಇದೆ. ಪುಣೆಯ ಠಾಣೆಯಲ್ಲಿ ಜಮ್ಮಾ (ನಮ್ಮ ವಂಶಪಾರಂಪರ್ಯ ಜಮೀನಿನ ಹಕ್ಕು) ಅಂದರೆ ಏನು ಅಂತ ಮರಾಠಿಯಲ್ಲಿ ವಿವರಿಸುವ ಶಕ್ತಿ ನನಗಿಲ್ಲ.

ವಾಶಿಯವರೇ, ನಿಮ್ಮ ಮಾತು ಒಪ್ಪುವುದಿಲ್ಲ. ಉದ್ದ ಮರ ಹಾಕಿದರೆ ಅದು 1917ರ ಯಾವನೋ ಸಿಪಾಯಿಯ ರೈಫಲ್ ಆಗುತ್ತದೆ. ಇವರ ಅಜ್ಜನದ್ದು ಆಗಿ ಉಳಿಯುವುದಿಲ್ಲ. ಆ ದುಂಡು ತುದಿ ಯಾರು ಅರ ಹಾಕಿದ್ದು? ಅದನ್ನು ಮೊದಲು ಊರಲ್ಲಿ ವಿಚಾರಿಸಿ.

ವಾಶಿಯವ

ಅದು ಸರಿ ಅನ್ನಿ, ಆದರೆ ಕೆಟ್ಟದಾಗಿ ಕೊಯ್ದದ್ದನ್ನೂ ಅಜ್ಜನ ಹೆಸರಲ್ಲಿ ಕಾಪಾಡಬೇಕಾ? ಈ ರೈಫಲ್‌ನ ಮುಂದಿನ ಮರ ಬರೀ ಹಿಡಿಯಲು ಇರುವುದಲ್ಲ. ಮೂಲದಲ್ಲಿ ಅದರ ತುದಿ ಬ್ಯಾರೆಲ್ಲನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತಿತ್ತು. ಕೊಯ್ದ ಮೇಲೆ ಆ ಒತ್ತಡ ಹೋಯಿತು. ಬ್ಯಾರೆಲ್ ತೆಳು, ಬಿಸಿಯಾದರೆ ಗುಂಡು ಬೇರೆ ಬೇರೆ ಕಡೆ ಹೋಗುತ್ತದೆ. ನನ್ನದು ಮೊದಲ ಎರಡು ಗುಂಡು ಒಂದೇ ಕಡೆ, ಮೂರನೆಯದು ಒಂದು ಗೇಣು ಪಕ್ಕಕ್ಕೆ.

ಹಳೇ ಕಬ್ಬಿಣ

ಇಬ್ಬರದ್ದೂ ಸರಿ. ಬೇಟೆಗಾರನಿಗೆ ಮೂರನೇ ಗುಂಡಿನ ಚಿಂತೆ ಇರಲಿಲ್ಲ. ಅಷ್ಟು ಹೊತ್ತಿಗೆ ಹಂದಿ ಕಾಳಿ ನದಿ ದಾಟಿರುತ್ತಿತ್ತು.

ನಿಜವಾಗಿ ನೋಡಬೇಕಾದದ್ದು ಹಿಂಬದಿ. ಮುಂದಿನ ಮರದ ಹಿಂದಿನ ತುದಿಯಲ್ಲಿ ಎರಡು ಸಣ್ಣ ಮುಖಗಳು ಲೋಹಕ್ಕೆ ಗಟ್ಟಿಯಾಗಿ ತಾಗಬೇಕು. ಗುಂಡಿನ ಒದೆತ ಪೂರ್ತಿ ಅಲ್ಲೇ ಇಳಿಯುವುದು. ಎಣ್ಣೆ ಕುಡಿದು ಆ ಮರ ಮೆತ್ತಗಾದರೆ, ಪ್ರತಿ ಗುಂಡಿಗೂ ಕಬ್ಬಿಣ ಹಿಂದೆ ಸರಿದು ಮರವನ್ನು ಗುದ್ದುತ್ತದೆ. ನಿಮ್ಮ ಫೋಟೋದಲ್ಲಿ ಬಲಗಡೆ ಮುಖ ಕಪ್ಪಾಗಿ ಹೊಳೆಯುತ್ತಿದೆ, ಅಂದರೆ ಅಲ್ಲಿ ಮಾತ್ರ ತಾಗುತ್ತಿದೆ. ಎಡಗಡೆ ಸಡಿಲ. ಸ್ಕ್ರೂಡ್ರೈವರ್ ಕೊನೆಯ ಏಟು ಕೊಟ್ಟಿತು ಅಷ್ಟೆ, ಬಿರುಕಿನ ದಾರಿ ಮೊದಲೇ ತಯಾರಿತ್ತು. ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ.

ಮರಗೆಲಸದ ಮಂಜ (ಡೊಂಬಿವಲಿ)

ಅಂತೂ ನನ್ನ ಸರದಿ.

ಸ್ಯಾಂಡ್ ಪೇಪರ್ ಮುಟ್ಟಬೇಡಿ. ಹಳೇ ಮರ ತಿಕ್ಕಿದರೆ ಮರ ಇಳಿಯುತ್ತದೆ, ಲೋಹ ಎದ್ದು ನಿಲ್ಲುತ್ತದೆ. ಅಜ್ಜನ ಬೆವರು ಕುಡಿದ ಬಣ್ಣವೂ ಹೋಗುತ್ತದೆ. ಮೊದಲು ಎಣ್ಣೆ ಹೊರಗೆ ಎಳೆಯಬೇಕು. ಬಿಳಿ ಚಾಕ್ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತಂದು ಮರಕ್ಕೆ ಮೆತ್ತಿ. ಒಲೆ ಹತ್ತಿರ ಬೇಡ, ಬಾಲ್ಕನಿ ಬಿಸಿಲಲ್ಲಿ ಇಡಿ. ಪುಡಿ ಒಣಗುತ್ತಾ ಹಳದಿಯಾಗಿ, ಆಮೇಲೆ ಕಂದು ಆಗುತ್ತದೆ. ಉದುರಿಸಿ ಮತ್ತೆ ಮೆತ್ತಿ. ನಾಲ್ಕೈದು ಸಲ ಆಗಬಹುದು. ತಗ್ಗು ಬಿದ್ದ ಜಾಗಕ್ಕೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ. ಆವಿ ಹೋಗಿ ಮರ ಉಬ್ಬುತ್ತದೆ. ಇದನ್ನು ನೋಡುವುದೇ ಒಂದು ಮಜಾ. ಆದರೆ ಅಚ್ಚು ಒತ್ತಿದ ಗುರುತುಗಳ ಮೇಲೆ ಇಸ್ತ್ರಿ ಬೇಡ, ಅವೂ ಎದ್ದು ಮಾಯವಾಗುತ್ತವೆ.

ಬಿರುಕಿಗೆ ಎಣ್ಣೆ ಪೂರ್ತಿ ಹೋದ ಮೇಲೆಯೇ ಆರಲ್ಡೈಟ್. ನಿಧಾನ ಒಣಗುವ ಜಾತಿ ತಗೊಳ್ಳಿ, ಐದು ನಿಮಿಷದ್ದು ಬೇಡ. ಸ್ವಲ್ಪ ಬೆಚ್ಚಗೆ ಮಾಡಿದರೆ ನೀರಾಗಿ ಒಳಗಿಳಿಯುತ್ತದೆ. ಅಡ್ಡಕ್ಕೆ ಒಂದು ತೆಳು ಹಿತ್ತಾಳೆ ಸರಳು ಹಾಕಿದರೆ ಮತ್ತೆ ಬಾಯಿ ಬಿಡುವುದಿಲ್ಲ.

ಕೊನೆಗೆ ಅಗಸೆ ಎಣ್ಣೆ. ಮರಾಠಿ ಅಂಗಡಿಯಲ್ಲಿ ಜವಸ್ ಅಂತ ಕೇಳಿ. ಅಡುಗೆಯದ್ದಲ್ಲ, ಬಣ್ಣದಂಗಡಿಯ ಕಾಯಿಸಿದ ಎಣ್ಣೆ. ಅಂಗೈಗೆ ನಾಲ್ಕು ಹನಿ, ಕೈ ಬಿಸಿಯಾಗುವವರೆಗೆ ಉಜ್ಜಿ, ಉಳಿದದ್ದು ಒರೆಸಿ. ಮಳೆಗಾಲದಲ್ಲಿ ಶುರು ಮಾಡಬೇಡಿ. ಜುಲೈನಲ್ಲಿ ನಾನು ಹಚ್ಚಿದ ಒಂದು ಪೀಠ ಗಣಪತಿ ಹಬ್ಬದವರೆಗೂ ಅಂಟಂಟಾಗೇ ಇತ್ತು.

ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾದರೆ ಬಿಸಿ ಒಳಗೇ ಕೂತು ಬೆಂಕಿ ಹತ್ತುತ್ತದೆ. ತಮಾಷೆ ಅಲ್ಲ. ನನ್ನ ಶೆಡ್ಡಿನ ಒಂದು ಬಕೆಟ್ ಹಾಗೇ ಸುಟ್ಟಿದೆ. ಬಿಡಿಸಿ ಹಗ್ಗದ ಮೇಲೆ ಹರವಿ, ಇಲ್ಲ ನೀರಲ್ಲಿ ಮುಳುಗಿಸಿ.

ಮಡಗಾಂವ್ ಮಾಣಿ

ಲೋಹದ ಬಣ್ಣಕ್ಕೆ ಏನು? ನಮ್ಮ ಮಾವನ ಕೋವಿ ಕಡಲ ಗಾಳಿಗೆ ಪ್ರತಿ ವರ್ಷ ಕೆಂಪಾಗುತ್ತದೆ. ಚೆಂದದ ಚರ್ಮದ ಚೀಲದಲ್ಲೇ ಇಡುತ್ತಾರೆ ಪಾಪ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ವಾಪಸ್ ತಂದಾಗ ಇನ್ನೂ ಕೆಂಪು.

ಹಳೇ ಕಬ್ಬಿಣ

ಚರ್ಮದ ಚೀಲವೇ ಶತ್ರು. ಚರ್ಮ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೋವಿ ಗಾಳಿಯಾಡುವ ಬೀರುವಿನಲ್ಲಿ, ಸಿಲಿಕಾ ಜೆಲ್ ಜೊತೆ, ಬೀಗ ಹಾಕಿ ಇರಲಿ. ಠಾಣೆಗೆ ಕೊಡುವ ಹಿಂದಿನ ದಿನ ಗ್ರೀಸ್ ಬಳಿಯಿರಿ, ನೋಡಲು ಗಲೀಜು ಆದರೂ ಪರವಾಗಿಲ್ಲ.

ಬಣ್ಣದ ವಿಷಯ. ಹಳೇ ಪದ್ಧತಿ ಅಂದರೆ ತುಕ್ಕನ್ನೇ ಬಣ್ಣ ಮಾಡುವುದು. ಲೋಹಕ್ಕೆ ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸಿ, ಕುದಿಯುವ ನೀರಿಗೆ ಹಾಕುತ್ತಾರೆ. ಕೆಂಪು ತುಕ್ಕು ಕಪ್ಪು ತುಕ್ಕಾಗುತ್ತದೆ. ನುಣ್ಣನೆ ಉಕ್ಕಿನ ಉಣ್ಣೆಯಿಂದ ಉಜ್ಜಿ ಮತ್ತೆ ಅದೇ. ಆರು ಏಳು ಸಲ ಆದ ಮೇಲೆ ಎಮ್ಮೆಯ ಮೈಯ ಹಾಗೆ ಮೆತ್ತನೆ ಕಪ್ಪು ಬರುತ್ತದೆ. ಕೆಂಪು ತುಕ್ಕು ಕಬ್ಬಿಣ ತಿನ್ನುತ್ತಲೇ ಹೋಗುತ್ತದೆ, ಕಪ್ಪು ಅಂಟಿಕೊಂಡು ಕೂರುತ್ತದೆ. ಮಾಡುವ ಡೀಲರ್‌ಗಳು ಈಗ ಬೆರಳೆಣಿಕೆ. ಹೆಚ್ಚಿನವರು ಬಿಸಿ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಅದು ಹೊಳೆಯುತ್ತದೆ, ಆದರೆ ಬೆಸುಗೆ ಹಾಕಿದ ಮುಂದಿನ ಸೈಟ್ ಇರುವ ಬ್ಯಾರೆಲ್‌ಗೆ ಬೇಡವೇ ಬೇಡ, ಆ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ. ಕೋಥ್ರೂಡಿನವರೇ, ನಿಮ್ಮದು ಬೆಸುಗೆ. ಕೇಳಿ ನೋಡಿ ಕೊಡಿ.

ಡೀಲರ್ ಹತ್ತಿರ ಹೋದಾಗ ಹೆಡ್‌ಸ್ಪೇಸ್ ಅಳೆಸಿ. ಬೋಲ್ಟ್ ಮುಖಕ್ಕೂ, ಗುಂಡಿನ ಅಂಚು ತಾಗಿ ಕೂರುವ ಬ್ಯಾರೆಲ್ ಹಿಂತುದಿಗೂ ನಡುವಿನ ಸಂದು ಅದು. ಬೋಲ್ಟಿನ ನಂಬರೂ ಬಾಡಿಯ ನಂಬರೂ ಒಂದೇನಾ ನೋಡಿ. ಬೇರೆ ಇದ್ದರೆ ಅಳತೆ ಆಗದೆ ಒಂದು ಗುಂಡೂ ಹೊಡೆಯಬೇಡಿ.

ಸ್ಕೋಪ್ ಬೇಡ. ಈ ಬಾಡಿಯಲ್ಲಿ ಅದಕ್ಕೆ ತೂತೇ ಇಲ್ಲ, ಕೊರೆಯಬೇಕು. ನೂರು ವರ್ಷ ದಾಟಿದ ಉಕ್ಕಿಗೆ ತೂತು ಕೊರೆದರೆ ಅದನ್ನು ಮುಚ್ಚುವ ಬಡಗಿ ಇಲ್ಲ.

ಕೋಥ್ರೂಡ್ ಹುಡುಗ (ನಾಲ್ಕು ತಿಂಗಳ ನಂತರ)

ಮಳೆಗಾಲ ಮುಗಿಯುವುದನ್ನು ಕಾಯಲಿಲ್ಲ, ಅದು ಶುರುವಾಗುವ ಮೊದಲೇ ಮುಗಿಸಿದೆ. ಏಪ್ರಿಲ್ ಬಿಸಿಲು ಸಹಾಯ ಮಾಡಿತು.

ಮೊದಲು ಗುಂಡಿನ ವಿಷಯ. ನಾಲ್ಕನ್ನೂ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ಅಲ್ಲಿದ್ದವರು ಕುಂಕುಮದ ಡಬ್ಬಿಯನ್ನೂ ಇಟ್ಟುಕೊಳ್ಳಲು ಹೊರಟಿದ್ದರು, ಬೇಡಿಕೊಂಡು ವಾಪಸ್ ತಂದೆ.

ಚಾಕ್ ಪುಡಿ ಆರು ಸಲ ಮೆತ್ತಿದೆ. ಮೂರನೇ ಸಲಕ್ಕೆ ಬಿಲ್ಡಿಂಗಿನವರು ಬಾಲ್ಕನಿಯಲ್ಲಿ ಏನು ಸುಣ್ಣ ಬಳಿಯುತ್ತಿದ್ದೀರಿ ಅಂತ ಕೇಳಿದರು. ಕಪ್ಪಿನ ಕೆಳಗಿನಿಂದ ಕೆಂಪು ಮಿಶ್ರಿತ ಜೇನು ಬಣ್ಣ ಬಂತು, ಅಕ್ರೋಟ್ ಮರವಂತೆ. ಬಟ್ಟಿನ ಎಡಗಡೆ, ಕೆನ್ನೆ ಇಡುವ ಜಾಗದಲ್ಲಿ, ಅಂಗೈಯಷ್ಟು ಭಾಗ ಮಾತ್ರ ಎಷ್ಟು ಮಾಡಿದರೂ ತಿಳಿಯಾಗಲಿಲ್ಲ. ಬಿಟ್ಟುಬಿಟ್ಟೆ. ಬಿರುಕು ಮುಚ್ಚಿದೆ, ಹಿತ್ತಾಳೆ ಸರಳು ಒಳಗಿದೆ. ಹಿಂಬದಿಯ ಎರಡೂ ಮುಖಕ್ಕೆ ಕಾಗದದಷ್ಟು ತೆಳು ಮರದ ಪಟ್ಟಿ ಅಂಟಿಸಿ ಕೂರಿಸಿದೆ. ಈಗ ಮುಂದಿನ ಮರ ಹಾಕುವಾಗ ಅಂಗೈಯಿಂದ ತಟ್ಟಬೇಕು, ಅಷ್ಟು ಬಿಗಿ.

ಡೀಲರ್ ಸಂದು ಅಳೆದು ಸರಿ ಇದೆ ಅಂದರು. ನಂಬರ್ ಎರಡೂ ಒಂದೇ. ತುಕ್ಕಿನ ಬಣ್ಣ ಮಾಡುವವರು ಸಿಗಲಿಲ್ಲ. ಬ್ಯಾರೆಲ್ ಚುಕ್ಕೆಗಳನ್ನು ಎಣ್ಣೆ ಮತ್ತು ತಾಮ್ರದ ಉಣ್ಣೆಯಿಂದ ಉಜ್ಜಿ ಹಾಗೇ ಇಟ್ಟಿದ್ದೇನೆ. ಸ್ಕೋಪ್ ಇಲ್ಲ, ಕನ್ನಡಕ ಬದಲಿಸಿದೆ.

ಉದ್ದ ಮರ ಹಾಕಿಸಲಿಲ್ಲ. ಕೊಡಗಿನವರು ಕೇಳಿದ ಪ್ರಶ್ನೆಯನ್ನು ಊರಿನ ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ 84. ಆ ತುದಿ ಅರ ಹಾಕಿದ್ದು ಅಜ್ಜನೂ ಅಲ್ಲ, ಗನ್ ಅಂಗಡಿಯವನೂ ಅಲ್ಲ. ಅಜ್ಜಿ! ಕೊಯ್ದ ತುದಿ ಚೂಪಾಗಿತ್ತಂತೆ. ಗೂಡಿನಲ್ಲಿಟ್ಟಾಗ ಅದು ಮೂರು ವರ್ಷದ ನನ್ನ ಅಪ್ಪನ ಹಣೆಗೆ ತಾಗಿ ಗಾಯವಾಯಿತು. ಮರುದಿನ ಮಧ್ಯಾಹ್ನ ಅಜ್ಜ ಮಲಗಿದ್ದಾಗ ಅಜ್ಜಿ ಕುಡುಗೋಲು ಮಸೆಯುವ ಅರ ತಗೊಂಡು ಕೂತರಂತೆ. ಅಪ್ಪನ ಹಣೆಯ ಮೇಲೆ ಆ ಗುರುತು ಕೊನೆಯವರೆಗೂ ಇತ್ತು. ಅದು ಮಾವಿನಮರದಿಂದ ಬಿದ್ದದ್ದು ಅಂತ ನಮಗೆ ಹೇಳುತ್ತಿದ್ದರು.

ವಾಶಿಯವ

ನನ್ನ ಓಟು ವಾಪಸ್.

ಕೊಡಗಿನ ಕುಡಿ

ಆಯುಧಪೂಜೆಗೆ ಊರಿಗೆ ತಗೊಂಡು ಹೋಗ್ತೀರಾ? ದೊಡ್ಡಪ್ಪನಿಗೆ ತೋರಿಸಿ.

ಕಾನೂನು ಕಾಕಾ

ಲೈಸೆನ್ಸ್ ಎಲ್ಲಿಗೆ ಅಂತ ಮೊದಲು ಓದಿ. ಮಹಾರಾಷ್ಟ್ರಕ್ಕೆ ಮಾತ್ರ ಅಂತಿದ್ದರೆ ಗಡಿ ದಾಟಬೇಡಿ. ಅಜ್ಜನ ಕಾಲದಲ್ಲಿ ಹಳಿಯಾಳವೂ ಬಾಂಬೆ ರಾಜ್ಯದಲ್ಲೇ ಇತ್ತು, 1956ಕ್ಕೆ ಆಚೆ ಹೋಯಿತು. ಆಗ ಇದ್ದ ದಾರಿ ಈಗಿಲ್ಲ. ವ್ಯಾಪ್ತಿ ಹೆಚ್ಚಿಸಲು ಅರ್ಜಿ ಹಾಕಿ.

ಕೋಥ್ರೂಡ್ ಹುಡುಗ (ದಸರಾ ಮುಗಿದ ಮೇಲೆ)

ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ. ಹಾಗಾಗಿ ರೈಫಲ್ ಕೋಥ್ರೂಡಿನ ಬೀರುವಿನಲ್ಲೇ ಇತ್ತು. ಎಣ್ಣೆ ಸೀಸೆ ಮಾತ್ರ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದೆ. ಕುಡುಗೋಲು, ಗುದ್ದಲಿ, ಟ್ರ್ಯಾಕ್ಟರ್ ಕೀಲಿಯ ಪಕ್ಕ ಅದನ್ನಿಟ್ಟು ದೊಡ್ಡಪ್ಪ ಅರಿಶಿನ ಕುಂಕುಮ ಹಚ್ಚಿದರು. ಆಮೇಲೆ ಮುಚ್ಚಳ ತೆಗೆದು ಮೂಗಿಗೆ ಹಿಡಿದು, ಹೊಸ ಎಣ್ಣೆ ಯಾಕೆ ಹಾಕಿದೆ, ವಾಸನೆ ಹೋಯ್ತಲ್ಲ ಅಂತ ಬೈದರು.